ಗೆಳತಿಯರ ನಡುವಿನ ಕೈಗಡ

(ಮಹಿಳಾ ವೇದಿಕೆಯ ಆಗಸ್ಟ್ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈ ಸಲ ನನಗೆ ಕೊಟ್ಟಿದ್ದ ವಿಷಯ ಶ್ರಾವಣ ಮಾಸದ ಹಬ್ಬಗಳು. ಅದನ್ನು ನಾನೇ ಕೇಳಿಕೊಂಡು ಬದಲಾಯಿಸಿದೆ. ಜನವರಿಯಲ್ಲಿ ನಾವೆಲ್ಲ ಅಲಿಬಾಗಿಗೆ ಹೋಗಿದ್ದೆವಲ್ಲ, ಆ ಪ್ರವಾಸದ ಲೆಕ್ಕದಲ್ಲಿ ಮೂರು ಸಾವಿರದ ಚಿಲ್ಲರೆ ಕಡಿಮೆ ಬಿತ್ತು. ಐದು ಜನರ ಹಣ ಬಂದಿರಲಿಲ್ಲ. ನಮ್ಮ ಖಜಾಂಚಿ ತಮ್ಮ ಕೈಯಿಂದ ಹಾಕಿ ಲೆಕ್ಕ ಮುಚ್ಚಿದರು. ಇದು ನನಗೆ ತಿಳಿದದ್ದು ಅವರಿಂದಲ್ಲ, ಅವರ ಮಗಳಿಂದ. ಫೋನ್ ಮಾಡಿ ಕೇಳಿದೆ. "ಹೋಗ್ಲಿ ಬಿಡ್ರೀ, ಎಲ್ಲಾ ನಮ್ಮವರ. ಹೆಂಗ ಕೇಳೂದು?" ಅಂದರು. ಕೊಡದವರೂ ಕೊಡಬಾರದೆಂದು ಕೂತವರಲ್ಲ. ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡುತ್ತ "ಇಳಿದ ಮೇಲೆ ಕೊಡ್ತೀನಿ" ಎಂದವರು, ಇಳಿದು ಮರೆತವರು. ಆ ಐವರು ಯಾರು ಎಂದು ಬಹಳ ಕೇಳಿದ ಮೇಲೆ ಅವರು ಒಂದು ಹೆಸರನ್ನು ಮಾತ್ರ ಹೇಳಿದರು. ಅದು ನನ್ನದೇ.

ನಗಿ, ಪರವಾಗಿಲ್ಲ. ಆವತ್ತೇ ಕಳಿಸಿಬಿಟ್ಟೆ, ಏಳು ತಿಂಗಳ ಮೇಲೆ. ಆ ರಾತ್ರಿ ಮಲಗಿದಾಗ ಶ್ರಾವಣದ ಹಬ್ಬಗಳಿಗಿಂತ ಈ ವಿಷಯ ಮಾತಾಡುವುದೇ ಮೇಲು ಅನ್ನಿಸಿತು. ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದು ನಮಗೆಲ್ಲ ಶಾಲೆಯಿಂದಲೇ ಬಾಯಿಪಾಠ, ಅದನ್ನು ಮತ್ತೆ ಹೇಳುವುದಿಲ್ಲ. ಅವನು ಹೇಳಿದ್ದು ಸಾಲಗಾರ ಬಾಗಿಲಿಗೆ ಬಂದು ನಿಲ್ಲುವ ಕಥೆ. ನಮ್ಮ ನಡುವಿನ ಕಷ್ಟ ಬೇರೆ. ಇಲ್ಲಿ ಯಾರೂ ಬಾಗಿಲಿಗೆ ಬರುವುದಿಲ್ಲ. ಕೊಟ್ಟವಳು ಕೇಳುವುದಿಲ್ಲ, ತಗೊಂಡವಳು ಹೇಳುವುದಿಲ್ಲ. ನಡುವೆ ಗೆಳೆತನ ಉಸಿರು ಕಟ್ಟಿಕೊಂಡು ಕೂತಿರುತ್ತದೆ.

ನಮ್ಮ ಹಿರಿಯರಿಗೆ ಈ ಸಂಕೋಚ ಇಷ್ಟು ಇರಲಿಲ್ಲ ಅನ್ನಿಸುತ್ತದೆ. ಧಾರವಾಡದ ಕಡೆ ನಮ್ಮ ತಂದೆಯ ಮನೆಯಲ್ಲಿ ಒಂದು ಉದ್ದನೆಯ ಕೆಂಪು ಬಟ್ಟೆ ಹೊದಿಸಿದ ವಹಿ ಇತ್ತು. ನಮ್ಮ ಅಕ್ಕನ ಮದುವೆಯಲ್ಲಿ ಯಾರು ಏನು ಮುಯ್ಯಿ ಮಾಡಿದರು ಎಂಬುದೆಲ್ಲ ಅದರಲ್ಲಿ ಬರೆದಿತ್ತು. ಇಂಥವರಿಂದ ಕುಪ್ಪಸದ ಖಣ ಒಂದು, ಇಂಥವರಿಂದ ಹನ್ನೊಂದು ರೂಪಾಯಿ, ಇಂಥವರಿಂದ ಹಿತ್ತಾಳೆ ತಂಬಿಗೆ. ಮಂಟಪದ ಪಕ್ಕದಲ್ಲೇ ಒಬ್ಬರು ಕೂತು, ಎಲ್ಲರ ಎದುರಿಗೇ, ಜೋರಾಗಿ ಹೆಸರು ಓದಿ ಬರೆಯುತ್ತಿದ್ದರು. ಆ ಮನೆಯಲ್ಲಿ ಮದುವೆ ಬಂದಾಗ ನಮ್ಮವ್ವ ವಹಿ ತೆಗೆದು ನೋಡಿ, ಅಷ್ಟಕ್ಕೆ ಒಂದಿಷ್ಟು ಸೇರಿಸಿ ಒಯ್ಯುತ್ತಿದ್ದಳು. ಇದನ್ನು ಯಾರೂ ಜಿಪುಣತನ ಅನ್ನಲಿಲ್ಲ. ಹೊಲದಲ್ಲೂ ಹಾಗೆಯೇ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅದಕ್ಕೆ ಮುಯ್ಯಾಳು ಎಂದೇ ಹೆಸರು. ಪಕ್ಕದ ಮನೆಯಿಂದ ಪಲ್ಯದ ಬಟ್ಟಲು ಬಂದರೆ ಖಾಲಿ ಹೋಗಬಾರದು, ಏನೂ ಇಲ್ಲದಿದ್ದರೆ ನಾಲ್ಕು ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸಬೇಕು. ಇವೆಲ್ಲ ಲೆಕ್ಕಗಳೇ. ಒಂದು ಸೋಜಿಗ ನೋಡಿ, ಉಡುಗೊರೆಗೆ ಉಡುಗೊರೆ ಕೊಡುವುದಕ್ಕೂ ಸೇಡು ತೀರಿಸಿಕೊಳ್ಳುವುದಕ್ಕೂ ಕನ್ನಡದಲ್ಲಿ ಅದೇ ಮುಯ್ಯಿ ಎಂಬ ಮಾತು. ಹಿಂದಿರುಗಿಸದೆ ಬಿಟ್ಟದ್ದು ಯಾವ ಕಡೆಗೆ ತಿರುಗುತ್ತದೆ ಎಂದು ಆ ಮಾತು ಮಾಡಿದವರಿಗೆ ಗೊತ್ತಿತ್ತೋ ಏನೋ.

ಈಗ ನಮ್ಮ ಕಾಲಕ್ಕೆ ಬರೋಣ. 2016ರಲ್ಲಿ ಯುಪಿಐ ಬಂತು. ಚಿಲ್ಲರೆ ಇಲ್ಲ ಎಂಬ ನೆಪ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನಾಲ್ವರು ಗೆಳತಿಯರು ಹೊಟೇಲಿಗೆ ಹೋಗುತ್ತೇವೆ, ಒಬ್ಬಳು ಸ್ಕ್ಯಾನ್ ಮಾಡಿ ಕೊಡುತ್ತಾಳೆ. ಮಿಕ್ಕವರು "ಎಷ್ಟಾಯ್ತೇ, ಹೇಳೇ, ಕಳಿಸ್ತೀವಿ" ಅನ್ನುತ್ತೇವೆ. ಆಕೆ "ಬಿಡೇ, ಆಮೇಲೆ ನೋಡೋಣ" ಅನ್ನುತ್ತಾಳೆ. ನಾವು ಬಿಟ್ಟುಬಿಡುತ್ತೇವೆ! ಆಕೆ ಬಿಡು ಎಂದದ್ದು ಬಾಯಿಮಾತಿನ ಉಪಚಾರ, ಊಟಕ್ಕೆ ಕೂತವರಿಗೆ ಇನ್ನೊಂದು ಹೋಳಿಗೆ ಬಡಿಸುವಾಗ ಅವರು "ಸಾಕು" ಅಂದ ಹಾಗೆ. ಆ ಸಾಕನ್ನು ನಾವು ನಂಬುವುದಿಲ್ಲ, ಈ ಬಿಡು ಎಂಬುದನ್ನು ಮಾತ್ರ ತಕ್ಷಣ ನಂಬುತ್ತೇವೆ. ಪ್ರತಿ ಗುಂಪಿನಲ್ಲೂ ಮೊದಲು ಪರ್ಸ್ ತೆಗೆಯುವ ಒಬ್ಬಳು ಇರುತ್ತಾಳೆ. ಆಕೆಯ ಕೈ ದೊಡ್ಡದು ಎಂದು ಹೊಗಳುತ್ತೇವೆ. ಆಕೆ ಶ್ರೀಮಂತಳಾಗಿ ಕೊಡುತ್ತಿಲ್ಲ, ಬಿಲ್ಲು ಮೇಜಿನ ಮೇಲೆ ಬಿದ್ದಿದ್ದು ಯಾರೂ ಮುಟ್ಟದೆ ಇರುವ ಆ ಅರ್ಧ ನಿಮಿಷ ಆಕೆಗೆ ಸಹಿಸುವುದಿಲ್ಲ, ಅಷ್ಟೆ. ನಮ್ಮ ಟ್ರೇನಿನ ಲೇಡೀಸ್ ಡಬ್ಬಿಯ ಗುಂಪಿನಲ್ಲಿ ಒಬ್ಬರು ಮರಾಠಿ ಗೆಳತಿ ಇದ್ದರು. ಕೇಕಿಗೆ, ಗಜರೆಗೆ ಯಾರೇ ಕೊಟ್ಟಿರಲಿ, ಕುರ್ಲಾ ಬರುವುದರೊಳಗೆ ತಲೆಗೆ ಇಷ್ಟು ಎಂದು ಹೇಳಿ ವಸೂಲು ಮಾಡಿ ಕೊಡಿಸುತ್ತಿದ್ದರು. ಹಿಂದೆ ಅವರನ್ನು ನಾವು ಆಡಿಕೊಂಡು ನಕ್ಕದ್ದುಂಟು. ಆ ಗುಂಪು ಹದಿನೆಂಟು ವರ್ಷ ಒಂದು ಜಗಳವಿಲ್ಲದೆ ನಡೆಯಿತು ಎಂಬುದನ್ನೂ ಹೇಳಬೇಕು.

ಊರಿನಿಂದ ಸಾಮಾನು ತರಿಸುವ ವಿಷಯ ಇಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. "ಹುಬ್ಬಳ್ಳಿಗೆ ಹೊಂಟೀಯಂತ, ಬರೋ ಮುಂದ ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ, ಅರ್ಧ ಕಿಲೋ ಪೇಡ, ಸ್ವಲ್ಪ ಕರದಂಟು." ಮಂಗಳೂರಿನ ಕಡೆಯವರಾದರೆ ಕುಚ್ಚಲಕ್ಕಿ, ಹಲಸಿನ ಹಪ್ಪಳ. ಬ್ಯಾಗು ಹೊತ್ತು ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಗಾಡಿ ಹಿಡಿದು ತಂದು ಕೊಟ್ಟಾಗ "ಎಷ್ಟು ಕೊಡಲಿ?" ಎಂದು ಕೇಳುತ್ತೇವೆ. ಆಕೆ ಬಾಯಿಬಿಟ್ಟು ಬೆಲೆ ಹೇಳಬೇಕು, ಅದೂ ಒಂದು ಕಷ್ಟ. ಹೋಗುವ ಮೊದಲೇ ಐನೂರು ಕೈಗಿಟ್ಟು "ಉಳಿದರೆ ಕೊಡು, ಸಾಲದಿದ್ದರೆ ಹೇಳು" ಅನ್ನುವವಳು ನನ್ನ ಪರಿಚಯದಲ್ಲಿ ಒಬ್ಬಳೇ. ಆಕೆಗಾಗಿ ನಾನು ಐದು ಕಿಲೋ ಬೇಕಾದರೂ ಹೊರುತ್ತೇನೆ.

ಇನ್ನು ಮನೆಯಲ್ಲೇ ಉದ್ಯೋಗ ಮಾಡುವ ಗೆಳತಿಯರದು. ನಮ್ಮಲ್ಲೇ ಹೋಳಿಗೆ ಮಾಡಿ ಕೊಡುವವರಿದ್ದಾರೆ, ಕುಪ್ಪಸ ಹೊಲಿಯುವವರಿದ್ದಾರೆ, ಸೀರೆಗೆ ಗೊಂಡೆ ಕಟ್ಟುವವರಿದ್ದಾರೆ. ಮಾಲಿನಲ್ಲಿ ಬರೆದ ಬೆಲೆ ತುಟಿ ಪಿಟಕ್ಕನ್ನದೆ ಕೊಟ್ಟು ಬರುವ ನಾವು, ಇವರ ಹತ್ತಿರ ಬಂದಾಗ "ನಮಗೂ ಅಷ್ಟೇ ರೇಟಾ?" ಅನ್ನುತ್ತೇವೆ. ಗೆಳತಿ ಎಂದ ಮೇಲೆ ಒಂದು ರೂಪಾಯಿ ಹೆಚ್ಚು ಕೊಡಬೇಕೋ ಕಡಿಮೆ ಕೊಡಬೇಕೋ? ನನ್ನ ಅಭಿಪ್ರಾಯ ಕೇಳಿದರೆ, ಆಕೆ ತಾನಾಗಿ ಬಿಟ್ಟರೆ ಅದು ಪ್ರೀತಿ, ನಾವಾಗಿ ಕೇಳಿದರೆ ಅದು ಆಕೆಯ ದಿನಗೂಲಿಗೆ ಕೈ ಹಾಕಿದ ಹಾಗೆ. ಡಾಕ್ಟರ್ ಗೆಳತಿಗೆ ಮದುವೆಮನೆಯಲ್ಲಿ ಮೊಣಕಾಲು ತೋರಿಸುವವರ ಬಗ್ಗೆ ಏನೂ ಹೇಳುವುದಿಲ್ಲ, ಆಕೆ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಇವೆಲ್ಲ ಚಿಲ್ಲರೆ ಮಾತು. ಈಗ ದೊಡ್ಡದನ್ನು ಹೇಳುತ್ತೇನೆ, ಇದು ನನ್ನದೇ.

1996ರಲ್ಲಿ ನಾವು ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೆವು. ಗೋಡೆಯ ಆಚೆ ಬದಿಗೆ ವಿಜಯಪುರದ ಕಡೆಯ ಒಂದು ಸಂಸಾರ. ಆಕೆ ನನಗಿಂತ ನಾಲ್ಕು ವರ್ಷ ದೊಡ್ಡವರು, ನಾನು ವೈನಿ ಅನ್ನುತ್ತಿದ್ದೆ. ಬೆಳಿಗ್ಗೆ ಗಂಡಂದಿರು ಹೋದ ಮೇಲೆ ಇಬ್ಬರೂ ಒಂದೇ ಬಾಗಿಲಲ್ಲಿ ಕೂತು ಪಲ್ಯ ಸೋಸುತ್ತಿದ್ದೆವು. ಅವರ ಮನೆಯ ರೊಟ್ಟಿ, ನಮ್ಮ ಮನೆಯ ಹಿಂಡಿ. ನನ್ನ ಎರಡನೆಯ ಬಾಣಂತನವನ್ನು ಊರಿಂದ ಅವ್ವ ಬರುವವರೆಗೆ ಹನ್ನೆರಡು ದಿನ ಅವರೇ ನೋಡಿಕೊಂಡಿದ್ದರು. ಆ ವರ್ಷ ನಮ್ಮವರು ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಬೀಗ ಬಿತ್ತು. ಎರಡು ತಿಂಗಳು ಹೇಗೋ ನಡೆಯಿತು. ಮೂರನೆಯ ತಿಂಗಳು ಮನೆಯ ಹಪ್ತೆ, ಮಕ್ಕಳ ಫೀ, ರೇಷನ್ನು. ನಾನು ವೈನಿಯ ಬಾಗಿಲಲ್ಲಿ ಹೋಗಿ ನಿಂತೆ, ಬಾಯಿ ಬರಲಿಲ್ಲ. "ಯಾಕ ಹಿಂಗ ನಿಂತಿ? ಎಷ್ಟ ಬೇಕಾಗ್ಯಾವ, ಹೇಳು" ಅಂದರು. ಅವರೇ ಕೇಳಿದರು, ನೆನಪಿಡಿ. ನಾಲ್ಕು ದಿನದಲ್ಲಿ ಹದಿನೈದು ಸಾವಿರ ತಂದು ಕೊಟ್ಟರು. ಠೇವಣಿ ಮುರಿಸಿದ್ದು ಎಂದು ಮಾತ್ರ ಗೊತ್ತಿತ್ತು. ಯಾತಕ್ಕಾಗಿ ಇಟ್ಟ ಠೇವಣಿ ಎಂದು ನಾನು ಕೇಳಲಿಲ್ಲ. "ಆರು ತಿಂಗಳದಾಗ ಕೊಡತೀನಿ ವೈನಿ" ಅಂದೆ. ಚೀಟಿ ಇಲ್ಲ, ಬಡ್ಡಿ ಇಲ್ಲ.

ಆರು ತಿಂಗಳಾಯಿತು. ಇರಲಿಲ್ಲ. ಇಲ್ಲ ಎಂದು ಹೋಗಿ ಹೇಳಲು ನಾಚಿಕೆ. ಏಳನೆಯ ತಿಂಗಳು ಇನ್ನೂ ಹೆಚ್ಚು ನಾಚಿಕೆ. ತಡವಾದ ಮಾತು ದಿನಕ್ಕೊಂದು ತೊಲ ಭಾರ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ. ಪಲ್ಯ ಸೋಸಲು ನಾನು ಒಳಗೇ ಕೂತೆ. ತರಕಾರಿಗೆ ಅವರು ಹೋಗುವ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಹೋದೆ. ಹಳದಿ-ಕುಂಕುಮಕ್ಕೆ ಕರೆದರೆ ಮಗುವಿಗೆ ಜ್ವರ ಅಂದೆ, ಇಲ್ಲದ ಜ್ವರ.

ಮರು ವರ್ಷ ನನ್ನ ಭಿಶಿ ಎದ್ದಿತು, ಹದಿನೈದು ನೂರು ರೂಪಾಯಿ. ಹದಿನೈದು ಸಾವಿರದ ಸಾಲಕ್ಕೆ ಹದಿನೈದು ನೂರು ಒಯ್ದು ಕೊಟ್ಟರೆ ಅವರಿಗೆ ಏನನ್ನಿಸೀತು ಎಂದುಕೊಂಡು ನಾನೊಂದು ಮಿಕ್ಸರ್ ತಂದೆ. ಅಂದಿನಿಂದ ಶುರುವಾಯಿತು ನನ್ನ ಶಿಕ್ಷೆ. ಮಿಕ್ಸರಿನ ಸದ್ದು ಗೋಡೆ ದಾಟುತ್ತದಲ್ಲ! ವೈನಿ ಹೊರಗೆ ಹೋದದ್ದನ್ನು ಕಿಟಕಿಯಿಂದ ನೋಡಿ ಮಸಾಲೆ ರುಬ್ಬುತ್ತಿದ್ದೆ. ಒಮ್ಮೊಮ್ಮೆ ಕೆಳಗೆ ನಾಲ್ಕು ಮಡಿಕೆ ಗೋಣಿಚೀಲ ಹಾಕಿ, ಮೇಲೆ ಟವೆಲ್ ಹೊದಿಸಿ ರುಬ್ಬಿದ್ದೂ ಉಂಟು. ಈಗ ಹೇಳುವಾಗ ನಗು ಬರುತ್ತದೆ. ಸ್ವಂತ ಮನೆಯಲ್ಲಿ ಚಟ್ನಿ ಅರೆಯಲು ಕಳ್ಳತನ ಮಾಡಿದವಳು ನಾನು. ವೈನಿ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ.

ಹಣ ಹಿಂದಿರುಗಿಸಿದ್ದು 2000ದ ಆಗಸ್ಟ್‌ನಲ್ಲಿ, ನಾಲ್ಕು ವರ್ಷದ ಮೇಲೆ. ಅಷ್ಟರಲ್ಲಿ ನಾನು ಒಂದು ಕ್ರೆಡಿಟ್ ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಲಕೋಟೆಯಲ್ಲಿ ಹಾಕಿ, ಜೊತೆಗೊಂದು ಸೀರೆ ಇಟ್ಟು ಒಯ್ದೆ. ವೈನಿ ಲಕೋಟೆ ತಗೊಂಡರು, ಎಣಿಸಲಿಲ್ಲ. ಸೀರೆ ತಗೊಳ್ಳಲಿಲ್ಲ. "ಇದ ಯಾಕ ತಂದಿ? ನಾ ಏನ್ ಬಡ್ಡಿ ಕೇಳಿದ್ನೇನು?" ಅಂದರು. ಚಹಾ ಕೊಟ್ಟರು. ಮೂರು ವರ್ಷದ ಮೇಲೆ ಅವರು ಪುಣೆಗೆ ಹೋದರು. ದೀಪಾವಳಿಗೆ ಫೋನು, ಸಂಕ್ರಾಂತಿಗೆ ಎಳ್ಳು-ಬೆಲ್ಲದ ಮಾತು, ಅಷ್ಟು ಉಳಿಯಿತು. ಒಂದೇ ಬಾಗಿಲಲ್ಲಿ ಪಲ್ಯ ಸೋಸಿದವರ ನಡುವೆ ಅಷ್ಟೇ ಉಳಿಯಿತು.

ಸೊಸೈಟಿಯ ಕೆಲಸದಲ್ಲಿ ನಾನು ದಿನವಿಡೀ ನೋಡುತ್ತಿದ್ದದ್ದು ಬೇರೆಯವರ ಸಾಲವನ್ನೇ. ಅಲ್ಲಿ ಕಲಿತ ಕೆಲವು ವಿಷಯ ನಿಮಗೆ ಹೇಳಿಬಿಡುತ್ತೇನೆ, ಹೆಂಗಸರಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ದಿನ ಗೊತ್ತುಮಾಡದೆ ಕೊಟ್ಟ ಕೈಗಡವನ್ನು ಕೋರ್ಟಿಗೆ ಹೋಗಿ ಕೇಳಲು ಕೊಟ್ಟ ದಿನದಿಂದ ಮೂರು ವರ್ಷ ಮಾತ್ರ ಅವಕಾಶ, 1963ರ ಕಾಲಮಿತಿ ಕಾಯಿದೆ ಹಾಗೆ ಹೇಳುತ್ತದೆ. ಆ ಮೂರು ವರ್ಷ ಮುಗಿಯುವುದರೊಳಗೆ ತಗೊಂಡವಳು "ಹೌದು, ಇಷ್ಟು ಕೊಡಬೇಕು" ಎಂದು ಬರೆದು ಸಹಿ ಹಾಕಿದರೆ ಅಲ್ಲಿಂದ ಮತ್ತೆ ಮೂರು ವರ್ಷ. ಅಂದರೆ ನಾನು ವೈನಿಗೆ ಹಣ ಮುಟ್ಟಿಸಿದಾಗ ಕೋರ್ಟಿನ ಲೆಕ್ಕದಲ್ಲಿ ಆ ಸಾಲ ಸತ್ತೇ ಹೋಗಿತ್ತು. ವೈನಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ತಗೊಳ್ಳುವಂತಿಲ್ಲ, ನಗದಾಗಿ ತೀರಿಸುವಂತೆಯೂ ಇಲ್ಲ. ಸಿಕ್ಕಿಬಿದ್ದರೆ ದಂಡ ಅಷ್ಟೇ ಮೊತ್ತದ್ದಾಗಬಹುದು. ಬ್ಯಾಂಕಿನ ಮೂಲಕ ಕೊಟ್ಟರೆ ಒಂದು ಗುರುತೂ ಉಳಿಯುತ್ತದೆ, ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ಕೈಗಡ ಎಂದು ಎರಡು ಅಕ್ಷರ ಹಾಕಿಬಿಡಿ. ಗೆಳತಿ ಉಡುಗೊರೆಯಾಗಿ ಕೊಟ್ಟ ಹಣ ವರ್ಷಕ್ಕೆ ಐವತ್ತು ಸಾವಿರ ದಾಟಿದರೆ ತೆರಿಗೆಗೆ ಬರುತ್ತದೆ. ಅಣ್ಣ, ತಂಗಿ, ಭಾವ, ನಾದಿನಿ ಕೊಟ್ಟರೆ ಬರುವುದಿಲ್ಲ. ಆದಾಯ ತೆರಿಗೆಯವರ ಸಂಬಂಧಿಕರ ಪಟ್ಟಿಯಲ್ಲಿ ಗೆಳತಿ ಇಲ್ಲ ನೋಡಿ, ಬಾಣಂತನ ಮಾಡಿದವಳಾದರೂ.

ಎಲ್ಲಕ್ಕಿಂತ ದೊಡ್ಡದು ಜಾಮೀನು ಸಹಿ. "ಒಂದು ಸಹಿ ಹಾಕು, ಬರೀ ಫಾರ್ಮಾಲಿಟಿ" ಎಂದು ಗೆಳತಿ ಫಾರ್ಮ್ ತರುತ್ತಾಳೆ. ಅದು ಫಾರ್ಮಾಲಿಟಿ ಅಲ್ಲ. 1872ರ ಕರಾರು ಕಾಯಿದೆಯ ಪ್ರಕಾರ, ಬೇರೆ ರೀತಿ ಬರೆದುಕೊಳ್ಳದಿದ್ದರೆ, ಸಾಲ ಮಾಡಿದವರ ಹೊಣೆ ಎಷ್ಟೋ ಜಾಮೀನುದಾರರ ಹೊಣೆಯೂ ಅಷ್ಟೇ. ಮೊದಲು ಅವರನ್ನು ಹಿಡಿದು ಆಮೇಲೆ ನಮ್ಮ ಹತ್ತಿರ ಬರಬೇಕೆಂಬ ನಿಯಮ ಇಲ್ಲ. ನಮ್ಮ ಸೊಸೈಟಿಗೆ ಒಬ್ಬರು ಬರುತ್ತಿದ್ದರು, ಶಾಲೆಯಲ್ಲಿ ಆಯಾ ಕೆಲಸ. ಜೊತೆಗೆ ಕೆಲಸ ಮಾಡುವವಳಿಗೆ ಸಹಿ ಹಾಕಿದ್ದರು. ಆಕೆ ಕೆಲಸ ಬಿಟ್ಟು ಊರಿಗೆ ಹೋದಳು. ಇವರು ತಿಂಗಳ ಮೊದಲ ವಾರ ಬಂದು, ತಾವು ಒಂದು ರೂಪಾಯಿ ಮುಟ್ಟದ ಸಾಲದ ಕಂತು ಕಟ್ಟಿ ಹೋಗುತ್ತಿದ್ದರು. ರಸೀದಿ ಕೊಡುತ್ತಿದ್ದವಳು ನಾನು. ಎರಡು ವರ್ಷದಲ್ಲಿ ಆಕೆಯ ಬಗ್ಗೆ ಒಂದು ಕೆಟ್ಟ ಮಾತಾಡಲಿಲ್ಲ. "ಒಂದು ಫೋನ್ ಮಾಡಬಹುದಿತ್ತು" ಎಂದು ಒಮ್ಮೆ ಅಂದರು.

ಹಾಗಾದರೆ ಮೊದಲೇ ಎಲ್ಲ ಮಾತಾಡಿಕೊಂಡರೆ ಸರಿಹೋಗುತ್ತದೆಯೇ? ಅದೂ ಅಷ್ಟು ಸುಲಭವಲ್ಲ. ಆರು ವರ್ಷದ ಹಿಂದೆ ಒಬ್ಬ ಗೆಳತಿ ನನ್ನ ಹತ್ತಿರ ಒಂದು ಲಕ್ಷ ಕೇಳಿದಳು. ನಾನು ಪಾಠ ಕಲಿತವಳು ತಾನೆ, ಆಯಿತು ಎಂದು ಒಂದು ಹಾಳೆ ತಗೊಂಡು ದಿನಾಂಕ, ಮೊತ್ತ, ಯಾವ ತಿಂಗಳಿಂದ ಎಷ್ಟೆಷ್ಟು ಎಂದು ಬರೆದು ಮುಂದಿಟ್ಟೆ. ಆಕೆ ಆ ಹಾಳೆಯನ್ನು ಓದಿ, ಮಡಿಸಿ, ನನಗೇ ಕೊಟ್ಟಳು. "ನನ್ನ ಮೇಲೆ ಇಷ್ಟೇನಾ ನಂಬಿಕೆ?" ಅಂದಳು. ಹಣ ತಗೊಳ್ಳಲಿಲ್ಲ. ಅಂದಿನಿಂದ ಮಾತು ಇದೆ, ಮೊದಲಿನದಲ್ಲ. ಬಹಳ ದಿನ ಯೋಚಿಸಿದೆ. ಹಾಳೆ ತಪ್ಪಲ್ಲ, ನಾನು ತೆಗೆದ ಹೊತ್ತು ತಪ್ಪು. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಾಗ ನಾನು ಪೆನ್ನು ಹುಡುಕುತ್ತಿದ್ದೆ. ಮೊದಲು ಕೇಳಿಸಿಕೊಳ್ಳಬೇಕಿತ್ತು, ಚಹಾ ಕೊಡಬೇಕಿತ್ತು, ಮರುದಿನ ಹಣದ ಮಾತಿಗೆ ಬರಬೇಕಿತ್ತು. ಅದೂ ಅಲ್ಲದೆ, ಬರೆಯುವ ಕೆಲಸ ತಗೊಳ್ಳುವವಳದು. "ನಾನು ಬರೆದು ಕೊಡುತ್ತೇನೆ, ನಿನ್ನ ಹತ್ತಿರ ಇರಲಿ" ಎಂದು ಆಕೆ ಅಂದರೆ ಅದು ಗೌರವ, ಕೊಡುವವಳು ಬರೆಸಿಕೊಂಡರೆ ಅದು ಸೊಸೈಟಿ ಆಫೀಸು. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂದು ಗಾದೆ ಮಾಡಿದ್ದಾರೆ. ಇಸ್ಕೊಂಡವಳಾಗಿ ನಾಲ್ಕು ವರ್ಷ ಕಳೆದ ನಾನು ಹೇಳುತ್ತೇನೆ, ಈರಭದ್ರನ ಸುಖ ಅಂಥದೇನೂ ಇರುವುದಿಲ್ಲ.

ಇಲ್ಲ ಅನ್ನುವುದನ್ನೂ ನಾವು ಕಲಿತಿಲ್ಲ. ಗಂಡನ ಮೇಲೆ ಹಾಕುತ್ತೇವೆ, "ಇವರು ಒಪ್ಪೂದಿಲ್ಲ" ಎಂದು. ಪಾಪ, ಆ ಮನುಷ್ಯನಿಗೆ ತಾನು ಒಪ್ಪಲಿಲ್ಲ ಎಂಬುದೇ ಗೊತ್ತಿರುವುದಿಲ್ಲ. ಅಥವಾ "ನೋಡ್ತೀನಿ" ಅನ್ನುತ್ತೇವೆ. ಕಷ್ಟದಲ್ಲಿ ಕೇಳಿದವಳು ಆ ನೋಡ್ತೀನಿಯನ್ನು ನಂಬಿ ಎಂಟು ದಿನ ಕೂರುತ್ತಾಳೆ, ಅಷ್ಟರಲ್ಲಿ ಬೇರೆ ಬಾಗಿಲು ಮುಚ್ಚಿರುತ್ತದೆ. ಆಗುವುದಿಲ್ಲ ಎಂದಾದರೆ ಅಂದೇ ಹೇಳಿ. ಲಕ್ಷ ಕೇಳಿದಾಗ ಹತ್ತು ಸಾವಿರ ಕೊಡಬಲ್ಲಿರಾದರೆ ಅಷ್ಟನ್ನೇ ಕೊಡಿ, ವಾಪಸು ಬರದಿದ್ದರೂ ಸೈ ಅನ್ನುವಷ್ಟನ್ನು. ಆಮೇಲೆ ಆಕೆ ಹೊಸ ಸೀರೆ ಉಟ್ಟು ಬಂದರೆ ಸೆರಗಿನ ಬೆಲೆ ಲೆಕ್ಕ ಹಾಕಬೇಡಿ. ಇದು ಬಹಳ ಕಷ್ಟ, ನನಗೆ ಗೊತ್ತು. ಕೊಟ್ಟ ಕಣ್ಣು ಸುಮ್ಮನಿರುವುದಿಲ್ಲ.

ವೈನಿಯ ಮಾತು ಇನ್ನೂ ಮುಗಿದಿಲ್ಲ. ಹೋದ ವರ್ಷ ಪುಣೆಯ ಕೋಥ್ರೂಡಿನಲ್ಲಿ ಅವರ ಮಗ ಮನೆ ತಗೊಂಡ, ವಾಸ್ತುಶಾಂತಿಗೆ ಕರೆದಿದ್ದರು. ಹುಡುಗನಿಗೆ ಈಗ ನಲವತ್ತು ದಾಟಿದೆ, ಔಷಧ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸ. ಊಟದ ಹೊತ್ತಿಗೆ ಅವನ ಮಗಳು ಯಾವುದೋ ಕ್ಲಾಸಿಗೆ ಹೋಗುವುದಿಲ್ಲ ಎಂದು ಹಟ ಮಾಡುತ್ತಿದ್ದಳು. ಅವನು ನನ್ನ ಕಡೆ ತಿರುಗಿ ನಗುತ್ತ ಹೇಳಿದ: "ನೋಡ್ರಿ ಕಾಕು, ಇಕಿಗೆ ಫೀ ಕಟ್ಟಿದರೂ ಬ್ಯಾಡ. ನಾ ಹನ್ನೆರಡನೇತ್ತಾಕ ಕ್ಲಾಸ್ ಹಚ್ಚು ಅಂತ ಎಷ್ಟ ಅತ್ತಿದ್ದೆ. ಠೇವಣಿ ಮುರಿಯಾಕ ಬರೂದಿಲ್ಲ, ಬ್ಯಾಂಕಿನವರು ಕೊಡೂದಿಲ್ಲ ಅಂದಿದ್ದಳು ಅವ್ವ. ಎಂಜಿನಿಯರಿಂಗ್ ಹೋತು, ಬಿ.ಎಸ್ಸಿ. ಮಾಡಿದೆ."

1997ರ ಜೂನ್. ನನ್ನ ಆರು ತಿಂಗಳು ಮುಗಿದು ಅರ್ಧ ವರ್ಷವಾಗಿತ್ತು. ನನ್ನ ಮಿಕ್ಸರ್ ಬಂದ ವರ್ಷ.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ವೈನಿ ಶ್ರೀಖಂಡದ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದರು. ಮಗನ ಮಾತು ಕೇಳಿಸಿತ್ತು, ನನ್ನ ಮುಖ ನೋಡಿದರು, ಏನೂ ಆಗಿಲ್ಲವೆಂಬಂತೆ ಒಂದು ಚಮಚ ಹಾಕಿ ಮುಂದೆ ಹೋದರು. ಇಪ್ಪತ್ತೇಳು ವರ್ಷ ಹೊಟ್ಟೆಯ ಮಗನಿಗೂ ನನ್ನ ಹೆಸರು ಹೇಳಿರಲಿಲ್ಲ.

ಊಟವಾದ ಮೇಲೆ ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದಾಗ ಹೋದೆ. ಏನೇನೋ ಹೇಳಬೇಕೆಂದಿದ್ದೆ. ಮೊದಲ ಸಲ ಅವರ ಬಾಗಿಲಲ್ಲಿ ನಿಂತ ಹಾಗೆಯೇ ನಿಂತೆ. ಅವರೇ ಮಾತಾಡಿದರು. "ರೊಕ್ಕ ಇರಲಿಲ್ಲ ನಿನ್ನ ಹಂತ್ಯಾಕ, ನನಗ ಗೊತ್ತಿತ್ತು. ಆಗೂದಿಲ್ಲ ವೈನಿ ಅಂತ ಒಂದ ಮಾತ ಬಂದ ಹೇಳಿದ್ದರ, ನಾ ನಮ್ಮಣ್ಣನ್ನ ಕೇಳತಿದ್ದೆ. ಅಂವ ಕೊಡತಿದ್ದ. ನೀ ಇವತ್ತ ಬರತಿ, ನಾಳೆ ಬರತಿ ಅಂತ ಹಾದಿ ನೋಡಿಕೋತ ಕುಂತೆ. ಫೀ ಕಟ್ಟೂ ದಿನ ಹೋತು."

ಅವನಿಗೆ ನಾನೇ ಹೇಳುತ್ತೇನೆ, ಕ್ಷಮೆ ಕೇಳುತ್ತೇನೆ ಅಂದೆ. "ಬ್ಯಾಡ" ಅಂದರು. "ಅಂವ ನಿನ್ನ ಕಾಕು ಅಂತಾನ. ಹಂಗ ಇರಲಿ." ಆಮೇಲೆ ಒಂದು ಸ್ಟೀಲ್ ಡಬ್ಬಿ ತೆಗೆದು ಉಳಿದ ಶ್ರೀಖಂಡ ತುಂಬಿದರು, ಗಾಡಿಯಲ್ಲಿ ಚೆಲ್ಲದಂತೆ ಬಾಯಿಗೆ ಬಟ್ಟೆ ಬಿಗಿದು ಕೊಟ್ಟರು.

ಆ ಡಬ್ಬಿ ಇನ್ನೂ ನನ್ನ ಮನೆಯಲ್ಲೇ ಇದೆ. ಬರುವ ಭಾನುವಾರ ಪುಣೆಗೆ ಹೋಗುತ್ತಿದ್ದೇನೆ, ಶೇಂಗಾ ಹೋಳಿಗೆ ಮಾಡಿ ತುಂಬಿಕೊಂಡು. ಬರುತ್ತೇನೆಂದು ಫೋನ್ ಮಾಡಿ ಹೇಳಿದ್ದೇನೆ, ಎಷ್ಟು ಗಂಟೆಯ ಗಾಡಿ ಎಂಬುದನ್ನೂ.

ಖಜಾಂಚಿಯವರು ಚಹಾದ ಮೇಜಿನ ಹತ್ತಿರವೇ ಕೂತಿದ್ದಾರೆ. ನಾಲ್ಕು ಹೆಸರು ಅವರು ಈಗಲೂ ಹೇಳಿಲ್ಲ.